ಸಂಗಾತಿಯ ಮರಣಾನಂತರದ ಆದಾಯ ತೆರಿಗೆ: ವಿವರಪಟ್ಟಿ ಸಲ್ಲಿಕೆ, ಮರುಪಾವತಿ ಮತ್ತು ರಿಯಾಯಿತಿಗಳು

ಪತಿ ಅಥವಾ ಪತ್ನಿ ನಿಧನರಾದ ಮನೆಯಲ್ಲಿ ಮೊದಲ ಕೆಲವು ತಿಂಗಳುಗಳು ಮರಣ ಪ್ರಮಾಣಪತ್ರ, ಕುಟುಂಬ ಪಿಂಚಣಿ, ಪೌತಿ ಖಾತೆ, ಬ್ಯಾಂಕ್ ಖಾತೆಯ ಹೆಸರು ಬದಲಾವಣೆ ಇವುಗಳ ಓಡಾಟದಲ್ಲಿಯೇ ಕಳೆದುಹೋಗುತ್ತವೆ. ಆದಾಯ ತೆರಿಗೆಯ ವಿಷಯವು ಸಾಮಾನ್ಯವಾಗಿ ಕೊನೆಗೆ ಉಳಿಯುತ್ತದೆ; ಅನೇಕ ಕುಟುಂಬಗಳಲ್ಲಿ ಅದರ ಪ್ರಸ್ತಾಪವೇ ಬರುವುದಿಲ್ಲ. ತೀರಿಹೋದವರಿಗೆ ಇನ್ನು ಯಾವ ತೆರಿಗೆ ಎಂಬ ಭಾವನೆ ಇದಕ್ಕೆ ಕಾರಣ. ಈ ಭಾವನೆಯಿಂದ ಸರ್ಕಾರಕ್ಕಾಗುವ ನಷ್ಟಕ್ಕಿಂತ ಕುಟುಂಬಕ್ಕಾಗುವ ನಷ್ಟವೇ ಹೆಚ್ಚು. ಮೃತರ ವೇತನ ಅಥವಾ ಠೇವಣಿ ಬಡ್ಡಿಯಿಂದ ಮೂಲದಲ್ಲೇ ಕಡಿತವಾದ ತೆರಿಗೆಯು ಅವರ ಪ್ಯಾನ್ ಸಂಖ್ಯೆಯಲ್ಲಿ ಜಮೆಯಾಗಿದ್ದು, ಅದನ್ನು ಕೇಳುವವರಿಲ್ಲದೆ ಹಾಗೆಯೇ ಉಳಿಯುತ್ತದೆ.

ಕಳೆದ ಎರಡು ವರ್ಷಗಳಲ್ಲಿ ಈ ಕ್ಷೇತ್ರದ ಕಾನೂನಿನಲ್ಲಿ ಗಣನೀಯ ಬದಲಾವಣೆಗಳಾಗಿವೆ. 2024ರ ಜುಲೈ ತಿಂಗಳ ಆಯವ್ಯಯದಲ್ಲಿ ಕುಟುಂಬ ಪಿಂಚಣಿಯ ಮೇಲಿನ ಕಡಿತದ ಮಿತಿಯನ್ನು ಹೆಚ್ಚಿಸಲಾಯಿತು. 2025ರ ಆಯವ್ಯಯದಲ್ಲಿ ಹೊಸ ತೆರಿಗೆ ಪದ್ಧತಿಯಡಿ 12 ಲಕ್ಷ ರೂಪಾಯಿವರೆಗಿನ ಸಾಮಾನ್ಯ ಆದಾಯಕ್ಕೆ ರಿಯಾಯಿತಿಯ ಮೂಲಕ ತೆರಿಗೆ ಇಲ್ಲದಂತೆ ಮಾಡಲಾಯಿತು. 1961ರ ಆದಾಯ ತೆರಿಗೆ ಅಧಿನಿಯಮದ ಸ್ಥಾನದಲ್ಲಿ ಬರುವ ಆದಾಯ ತೆರಿಗೆ ಅಧಿನಿಯಮ, 2025ಕ್ಕೆ ಅದೇ ವರ್ಷದ ಆಗಸ್ಟ್ 21ರಂದು ರಾಷ್ಟ್ರಪತಿಗಳ ಅಂಕಿತ ದೊರೆಯಿತು. ಹೊಸ ಅಧಿನಿಯಮದ ಜಾರಿಯ ದಿನಾಂಕ 2026ರ ಏಪ್ರಿಲ್ 1. ಮಾರ್ಚ್ 31, 2026ರವರೆಗಿನ ಆದಾಯಕ್ಕೆ ಹಳೆಯ ಅಧಿನಿಯಮವೂ ಅನಂತರದ ಆದಾಯಕ್ಕೆ ಹೊಸದೂ ಅನ್ವಯಿಸುತ್ತವೆ. ಕಲಂಗಳ ಸಂಖ್ಯೆ ಬದಲಾಗಿದ್ದರೂ, ಮೃತರ ಆದಾಯಕ್ಕೆ ಸಂಬಂಧಿಸಿದ ಮೂಲ ತತ್ವಗಳು ಹಾಗೆಯೇ ಮುಂದುವರಿದಿವೆ. ಕೆಳಗೆ ಉಲ್ಲೇಖಿಸಿರುವ ಕಲಂಗಳು 1961ರ ಅಧಿನಿಯಮದವು.

ಮರಣದ ದಿನಾಂಕವೇ ಗಡಿ

ಭಾರತದಲ್ಲಿ ಪತಿ ಮತ್ತು ಪತ್ನಿ ಇಬ್ಬರೂ ಪ್ರತ್ಯೇಕ ತೆರಿಗೆದಾರರು. ಇಬ್ಬರೂ ಸೇರಿ ಒಂದೇ ವಿವರಪಟ್ಟಿ ಸಲ್ಲಿಸುವ ಅವಕಾಶ ನಮ್ಮ ಕಾನೂನಿನಲ್ಲಿಲ್ಲ. ಅಮೆರಿಕದಲ್ಲಿ ನೆಲೆಸಿರುವ ಬಂಧುಗಳಿಂದ ಅಲ್ಲಿನ ಜಂಟಿ ವಿವರಪಟ್ಟಿಯ ವಿಷಯ ಕೇಳಿ ಇಲ್ಲಿಯೂ ಅಂತಹ ಸೌಲಭ್ಯ ಇರಬಹುದೆಂದು ಭಾವಿಸುವವರು ಉಂಟು. ಆ ದೇಶದಲ್ಲಿ ಸಂಗಾತಿ ನಿಧನರಾದ ವರ್ಷಕ್ಕೆ ಜಂಟಿ ವಿವರಪಟ್ಟಿಯನ್ನೇ ಸಲ್ಲಿಸಬಹುದು. ಅವಲಂಬಿತ ಮಗು ಮನೆಯಲ್ಲಿದ್ದು, ಬದುಕುಳಿದವರು ಮರುವಿವಾಹವಾಗದಿದ್ದಲ್ಲಿ, ನಂತರದ ಎರಡು ವರ್ಷಗಳಿಗೂ ಜಂಟಿ ದರದ ಅನುಕೂಲ ದೊರೆಯುತ್ತದೆ. ಭಾರತೀಯ ಲೆಕ್ಕಪರಿಶೋಧಕರ ಸಂಸ್ಥೆಯು 2025ರ ಆಯವ್ಯಯಕ್ಕೆ ಮುನ್ನ ವಿವಾಹಿತರಿಗೆ ಐಚ್ಛಿಕ ಜಂಟಿ ವಿವರಪಟ್ಟಿಯ ಸಲಹೆ ನೀಡಿತ್ತು. 2025ರ ಅಧಿನಿಯಮದಲ್ಲಿ ಅದಕ್ಕೆ ಸ್ಥಾನ ದೊರೆಯಲಿಲ್ಲ. ಬದುಕುಳಿದ ಸಂಗಾತಿ ಎಂಬ ಪ್ರತ್ಯೇಕ ವರ್ಗವೇ ನಮ್ಮ ತೆರಿಗೆ ಕಾನೂನಿನಲ್ಲಿ ಇಲ್ಲದ ಕಾರಣ, ಇರುವ ಅನುಕೂಲಗಳು ಬೇರೆ ಬೇರೆ ಕಲಂಗಳಲ್ಲಿ ಚದುರಿವೆ. ಅವುಗಳನ್ನು ಪಡೆಯಬೇಕಾದರೆ ಕೈಗೆ ಬಂದ ಪ್ರತಿಯೊಂದು ಮೊತ್ತವೂ ಯಾರ ಆದಾಯ, ಅಥವಾ ಅದು ಆದಾಯವೇ ಅಲ್ಲವೇ ಎಂಬುದನ್ನು ಮೊದಲು ಗುರುತಿಸಬೇಕು.

ಇದಕ್ಕೆ ಗಡಿಗೆರೆ ಮರಣದ ದಿನಾಂಕ. ಏಪ್ರಿಲ್ 1ರಿಂದ ಮರಣದ ದಿನದವರೆಗಿನ ಆದಾಯ ಮೃತರದು. ಅದರ ವಿವರಪಟ್ಟಿಯನ್ನು ಮೃತರ ಪ್ಯಾನ್ ಸಂಖ್ಯೆಯಲ್ಲಿಯೇ, ಕಲಂ 159ರ ಪ್ರಕಾರ, ವಾರಸುದಾರರು ಪ್ರತಿನಿಧಿಯಾಗಿ ಸಲ್ಲಿಸಬೇಕು. ಮರಣಾನಂತರ ಅದೇ ಆಸ್ತಿಯಿಂದ ಬರುವ ಬಾಡಿಗೆ, ಬಡ್ಡಿ, ಲಾಭಾಂಶಗಳು ಅದನ್ನು ಪಡೆದ ವಾರಸುದಾರರ ಆದಾಯವಾಗುತ್ತವೆ ಮತ್ತು ಅವರವರ ಪ್ಯಾನ್ ಸಂಖ್ಯೆಯಲ್ಲಿ ತೋರಿಸಬೇಕು. ಉಯಿಲಿನ ಮೇರೆಗೆ ನಿರ್ವಾಹಕರು ಆಸ್ತಿಯನ್ನು ಹಂಚುವವರೆಗೆ ನೋಡಿಕೊಳ್ಳುತ್ತಿದ್ದಲ್ಲಿ ಮಾತ್ರ ಕಲಂ 168ರಂತೆ ಆ ಅವಧಿಯ ಲೆಕ್ಕ ಪ್ರತ್ಯೇಕವಾಗಿರುತ್ತದೆ.

ಈ ವಿಭಜನೆ ಮೇಲ್ನೋಟಕ್ಕೆ ಹೊರೆಯೆಂದು ತೋರಿದರೂ ವಾಸ್ತವವಾಗಿ ಅದು ಅನುಕೂಲಕರ. ಮೃತರು ವರ್ಷದ ಆರು ತಿಂಗಳು ಮಾತ್ರ ಬದುಕಿದ್ದರೂ ಮೂಲ ವಿನಾಯಿತಿ ಮಿತಿ ಅರ್ಧಕ್ಕೆ ಇಳಿಯುವುದಿಲ್ಲ. ದರಗಳ ಹಂತಗಳು, ವೇತನದ ಮೇಲಿನ ಪ್ರಮಾಣಿತ ಕಡಿತ, ರಿಯಾಯಿತಿ ಎಲ್ಲವೂ ಪೂರ್ಣವಾಗಿಯೇ ದೊರೆಯುತ್ತವೆ.

ಉದಾಹರಣೆಗೆ, ತಿಂಗಳಿಗೆ 1,50,000 ರೂಪಾಯಿ ವೇತನ ಪಡೆಯುತ್ತಿದ್ದ, ಬೇರೆ ಆದಾಯವಿಲ್ಲದ ನೌಕರರೊಬ್ಬರು 2025ರ ಸೆಪ್ಟೆಂಬರ್ 30ರಂದು ನಿಧನರಾದರೆಂದು ಭಾವಿಸೋಣ. ವರ್ಷದ ವೇತನ 18 ಲಕ್ಷ ಎಂದು ಅಂದಾಜಿಸಿದ ಕಚೇರಿಯು ಹೊಸ ಪದ್ಧತಿಯಂತೆ 75,000 ರೂಪಾಯಿ ಪ್ರಮಾಣಿತ ಕಡಿತ ಕಳೆದು, 17,25,000 ರೂಪಾಯಿಗೆ ಉಪಕರ ಸೇರಿ 1,50,800 ರೂಪಾಯಿ ತೆರಿಗೆ ಲೆಕ್ಕಹಾಕಿ ತಿಂಗಳು ತಿಂಗಳು ಕಡಿತ ಮಾಡುತ್ತಿರುತ್ತದೆ. ಸೆಪ್ಟೆಂಬರ್ ಅಂತ್ಯಕ್ಕೆ ಕಡಿತವಾದ ಮೊತ್ತ 75,400 ರೂಪಾಯಿ. ಆದರೆ ಮೃತರ ವಾಸ್ತವಿಕ ಆದಾಯ ಆರು ತಿಂಗಳ 9 ಲಕ್ಷ ರೂಪಾಯಿ ಮಾತ್ರ; ಪ್ರಮಾಣಿತ ಕಡಿತದ ನಂತರ 8,25,000 ರೂಪಾಯಿ. ಇದು 12 ಲಕ್ಷದ ಮಿತಿಯೊಳಗಿರುವುದರಿಂದ ತೆರಿಗೆ ಶೂನ್ಯ. ಕಡಿತವಾದ 75,400 ರೂಪಾಯಿಯೂ ಮರುಪಾವತಿಗೆ ಅರ್ಹ. ವಿವರಪಟ್ಟಿ ಸಲ್ಲಿಸದೆ ಈ ಹಣ ಬರುವುದಿಲ್ಲ. ಒಂದು ಕುಟುಂಬದ ಎರಡು ಮೂರು ತಿಂಗಳ ಖರ್ಚಿಗೆ ಸಮನಾದ ಮೊತ್ತವಿದು.

ತೆರಿಗೆ ಬಾಕಿ ಇಲ್ಲವೆಂದ ಮಾತ್ರಕ್ಕೆ ವಿವರಪಟ್ಟಿಯೂ ಬೇಡವೆಂಬುದು ತಪ್ಪು ತಿಳಿವಳಿಕೆ. 2025-26ನೇ ಆರ್ಥಿಕ ವರ್ಷಕ್ಕೆ ಹೊಸ ಪದ್ಧತಿಯಲ್ಲಿ ಮೂಲ ವಿನಾಯಿತಿ ಮಿತಿ 4 ಲಕ್ಷ ರೂಪಾಯಿ. ಆದಾಯ ಅದನ್ನು ಮೀರಿದರೆ, ರಿಯಾಯಿತಿಯ ನಂತರ ತೆರಿಗೆ ಶೂನ್ಯವಾದರೂ, ವಿವರಪಟ್ಟಿ ಕಡ್ಡಾಯ. ಮೇಲಿನ ಉದಾಹರಣೆಯಲ್ಲಿ ಅದು ಹಕ್ಕೂ ಹೌದು, ಹೊಣೆಯೂ ಹೌದು.

ಹಳೆಯ ಪದ್ಧತಿಯೋ ಹೊಸದೋ ಎಂಬ ಆಯ್ಕೆ ಮೃತರ ವಿವರಪಟ್ಟಿಗೂ ಸಂಗಾತಿಯ ವಿವರಪಟ್ಟಿಗೂ ಪ್ರತ್ಯೇಕವಾಗಿ ಲಭ್ಯ. ಮೃತರು ಮರಣಕ್ಕೆ ಮುನ್ನ ಕಟ್ಟಿದ ವಿಮಾ ಕಂತು, ಗೃಹಸಾಲದ ಬಡ್ಡಿ ಮುಂತಾದವು ಹೆಚ್ಚಿದ್ದಲ್ಲಿ ಹಳೆಯ ಪದ್ಧತಿ ಲಾಭಕರವೇ ಎಂದು ಲೆಕ್ಕ ಹಾಕಿ ನೋಡಬಹುದು. ಆದರೆ ಹಳೆಯ ಪದ್ಧತಿಯನ್ನು ಆರಿಸಿಕೊಳ್ಳಬೇಕಾದರೆ ನಿಗದಿತ ದಿನಾಂಕದೊಳಗೇ ವಿವರಪಟ್ಟಿ ಸಲ್ಲಿಸಿರಬೇಕು. ವಿಳಂಬವಾದರೆ ಈ ಆಯ್ಕೆ ಕೈತಪ್ಪುತ್ತದೆ. ವೇತನ, ಪಿಂಚಣಿ, ಬಡ್ಡಿ ಮಾತ್ರ ಆದಾಯವಾಗಿರುವವರಿಗೆ ಸಾಮಾನ್ಯ ನಿಗದಿತ ದಿನಾಂಕ ಜುಲೈ 31.

ಕುಟುಂಬ ಪಿಂಚಣಿಯ ಲೆಕ್ಕ

ನಿವೃತ್ತ ನೌಕರರ ಪಿಂಚಣಿಯನ್ನು ವೇತನವೆಂದು ಪರಿಗಣಿಸಲಾಗುತ್ತದೆ. ಅವರ ನಿಧನಾನಂತರ ಸಂಗಾತಿಗೆ ದೊರೆಯುವ ಕುಟುಂಬ ಪಿಂಚಣಿ ವೇತನವಲ್ಲ. ಅದು ಇತರ ಮೂಲಗಳ ಆದಾಯ. ಈ ಒಂದು ವರ್ಗೀಕರಣದಿಂದ ಹಲವು ಪರಿಣಾಮಗಳು ಉಂಟಾಗುತ್ತವೆ. ಪಿಂಚಣಿದಾರರಿಗೆ ಹೊಸ ಪದ್ಧತಿಯಲ್ಲಿ 75,000 ರೂಪಾಯಿ ಪ್ರಮಾಣಿತ ಕಡಿತವಿದ್ದರೆ, ಕುಟುಂಬ ಪಿಂಚಣಿದಾರರಿಗೆ ಪಿಂಚಣಿಯ ಮೂರನೇ ಒಂದು ಭಾಗ ಅಥವಾ 25,000 ರೂಪಾಯಿ, ಇವೆರಡರಲ್ಲಿ ಕಡಿಮೆಯಾದುದು ಮಾತ್ರ ಕಡಿತವಾಗುತ್ತದೆ. 2024ರ ಆಯವ್ಯಯದವರೆಗೆ ಈ ಮಿತಿ 15,000 ರೂಪಾಯಿಯಾಗಿತ್ತು. ಹಳೆಯ ಪದ್ಧತಿಯನ್ನು ಆರಿಸಿಕೊಂಡವರಿಗೆ ಇಂದಿಗೂ 15,000 ರೂಪಾಯಿಯೇ. ಅಂದರೆ ಪಿಂಚಣಿಯ ಮೊತ್ತ ಇಳಿದಾಗ ಕಡಿತವೂ ಮೂರನೇ ಒಂದಕ್ಕೆ ಇಳಿಯುತ್ತದೆ. ಒಬ್ಬರ ಬದುಕಿನ ಖರ್ಚು ಇಬ್ಬರ ಖರ್ಚಿನ ಅರ್ಧವಾಗುವುದಿಲ್ಲವೆಂಬುದು ಮನೆ ನಡೆಸುವವರಿಗೆಲ್ಲ ತಿಳಿದ ಸಂಗತಿ. ಈ ವ್ಯತ್ಯಾಸಕ್ಕೆ ವರ್ಗೀಕರಣವನ್ನು ಬಿಟ್ಟರೆ ಬೇರೆ ಸಮರ್ಥನೆ ಕಾಣುವುದಿಲ್ಲ.

ಎರಡನೆಯ ಪರಿಣಾಮ ಹೆಚ್ಚು ಜನರಿಗೆ ತೊಂದರೆ ಕೊಡುತ್ತದೆ. ಕುಟುಂಬ ಪಿಂಚಣಿಯು ವೇತನವಲ್ಲವಾದ್ದರಿಂದ, ಪಿಂಚಣಿ ನೀಡುವ ಬ್ಯಾಂಕ್ ಅದರಿಂದ ವೇತನದ ರೀತಿಯಲ್ಲಿ ತೆರಿಗೆ ಕಡಿತ ಮಾಡುವುದಿಲ್ಲ. ಪತಿಯ ಕಾಲದಲ್ಲಿ ಎಲ್ಲವೂ ಬ್ಯಾಂಕಿನಲ್ಲಿಯೇ ಕಡಿತವಾಗುತ್ತಿದ್ದುದನ್ನು ಕಂಡವರು ಈಗಲೂ ಹಾಗೆಯೇ ನಡೆಯುತ್ತಿದೆಯೆಂದು ನಂಬಿರುತ್ತಾರೆ. ಕುಟುಂಬ ಪಿಂಚಣಿ, ಬಡ್ಡಿ, ಬಾಡಿಗೆ ಸೇರಿ ತೆರಿಗೆ ಬರುವಷ್ಟು ಆದಾಯವಿದ್ದಲ್ಲಿ ಅವರೇ ಲೆಕ್ಕ ಹಾಕಿ ಪಾವತಿಸಬೇಕು. ಕಡಿತವಾದುದನ್ನು ಕಳೆದ ನಂತರ ವರ್ಷದ ತೆರಿಗೆ 10,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಾದರೆ ಕಂತುಗಳಲ್ಲಿ ಮುಂಗಡ ತೆರಿಗೆ ಕಟ್ಟಬೇಕಾಗುತ್ತದೆ. 60 ವರ್ಷ ತುಂಬಿದ, ವ್ಯಾಪಾರ ಅಥವಾ ವೃತ್ತಿಯ ಆದಾಯವಿಲ್ಲದ ನಿವಾಸಿಗಳಿಗೆ ಮುಂಗಡ ತೆರಿಗೆಯಿಂದ ವಿನಾಯಿತಿಯಿದೆ. ಚಿಕ್ಕ ವಯಸ್ಸಿನಲ್ಲಿ ಸಂಗಾತಿಯನ್ನು ಕಳೆದುಕೊಂಡವರಿಗೆ ಈ ವಿನಾಯಿತಿ ಇಲ್ಲ.

ಕುಟುಂಬ ಪಿಂಚಣಿ ಮಂಜೂರಾತಿ ತಡವಾಗಿ ಹಿಂದಿನ ವರ್ಷದ ಬಾಕಿಯೂ ಒಟ್ಟಿಗೆ ಬಂದಲ್ಲಿ ಆ ವರ್ಷದ ಆದಾಯ ಕೃತಕವಾಗಿ ಹಿಗ್ಗುತ್ತದೆ. ಇದಕ್ಕೆ ಕಲಂ 89ರಲ್ಲಿ ಪರಿಹಾರವಿದ್ದು, ಅದು ವೇತನದ ಬಾಕಿಗೆ ಮಾತ್ರವಲ್ಲದೆ ಕುಟುಂಬ ಪಿಂಚಣಿಯ ಬಾಕಿಗೂ ಅನ್ವಯಿಸುತ್ತದೆ. 10ಇ ಎಂದು ಪರಿಚಿತವಾದ ನಮೂನೆಯನ್ನು ವಿವರಪಟ್ಟಿಗಿಂತ ಮೊದಲು ಸಲ್ಲಿಸಿರಬೇಕು. ಕರ್ತವ್ಯ ನಿರ್ವಹಣೆಯ ಕಾರ್ಯಾಚರಣೆಯಲ್ಲಿ ಮಡಿದ ಸಶಸ್ತ್ರ ಪಡೆಗಳ ಸಿಬ್ಬಂದಿಯ ಪತ್ನಿ ಮತ್ತು ಮಕ್ಕಳಿಗೆ ದೊರೆಯುವ ಕುಟುಂಬ ಪಿಂಚಣಿ ಪೂರ್ಣವಾಗಿ ತೆರಿಗೆಮುಕ್ತ.

ಆದಾಯವೆಂದು ಪರಿಗಣಿಸದ ಮೊತ್ತಗಳು

ಮರಣದ ಕಾರಣದಿಂದ ಬರುವ ದೊಡ್ಡ ಮೊತ್ತಗಳಲ್ಲಿ ಬಹುಪಾಲು ತೆರಿಗೆಗೆ ಒಳಪಡುವುದಿಲ್ಲ. ಜೀವ ವಿಮೆಯ ಮರಣ ಮೊತ್ತವು, ಕಂತು ಎಷ್ಟೇ ಇದ್ದರೂ, ವಿನಾಯಿತಿ ಹೊಂದಿದೆ. ಸರ್ಕಾರಿ ನೌಕರರ ಮರಣ ಉಪದಾನವು ಪೂರ್ಣ ವಿನಾಯಿತಿಗೆ ಒಳಪಟ್ಟಿದೆ. ಸೇವೆಯಲ್ಲಿರುವಾಗ ನಿಧನರಾದ ನೌಕರರ ವಾರಸುದಾರರಿಗೆ ಬರುವ ಗಳಿಕೆ ರಜೆ ನಗದೀಕರಣದ ಮೊತ್ತಕ್ಕೂ ತೆರಿಗೆ ಇಲ್ಲ. ಸೇವಾವಧಿಯಲ್ಲಿ ಮೃತಪಟ್ಟವರ ಪತ್ನಿ ಅಥವಾ ವಾರಸುದಾರರಿಗೆ ಉದ್ಯೋಗದಾತರು ಅನುಗ್ರಹಪೂರ್ವಕವಾಗಿ ನೀಡುವ ಇಡಿಗಂಟು ಆದಾಯವಲ್ಲವೆಂದು ಕೇಂದ್ರ ನೇರ ತೆರಿಗೆಗಳ ಮಂಡಳಿಯು 1990ರ ಆಗಸ್ಟ್ 21ರ 573ನೇ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿದೆ. ಕೋವಿಡ್ ಸಂದರ್ಭದಲ್ಲಿ ಮೃತರ ಕುಟುಂಬಗಳಿಗೆ ಇತರರು ನೀಡಿದ ನೆರವಿಗೂ 2022ರ ಹಣಕಾಸು ಅಧಿನಿಯಮದ ಮೂಲಕ 10 ಲಕ್ಷ ರೂಪಾಯಿವರೆಗೆ ವಿನಾಯಿತಿ ದೊರೆಯಿತು. ಉದ್ಯೋಗದಾತರ ನೆರವಿಗೆ ಮಿತಿಯಿರಲಿಲ್ಲ.

ಉತ್ತರಾಧಿಕಾರದಿಂದ ಬಂದ ಆಸ್ತಿಗೂ ತೆರಿಗೆ ಇಲ್ಲ. ಎಸ್ಟೇಟ್ ಸುಂಕವು 1985ರಲ್ಲಿಯೇ ರದ್ದಾಗಿದೆ. ಪೌತಿ ಖಾತೆಯಾದರೆ ಆದಾಯ ತೆರಿಗೆ ನೋಟಿಸ್ ಬರುತ್ತದೆಂಬ ಅಂಜಿಕೆಯಿಂದ ಖಾತೆ ಬದಲಾವಣೆಯನ್ನೇ ಮುಂದೂಡುವುದು ಅನಗತ್ಯ.

ತೆರಿಗೆ ಉದ್ಭವಿಸುವುದು ಆ ಆಸ್ತಿಯನ್ನು ಮಾರಿದಾಗ. ಆಗ ಮೃತರು ಕೊಂಡ ಬೆಲೆಯೇ ವಾರಸುದಾರರ ಕೊಂಡ ಬೆಲೆಯಾಗುತ್ತದೆ ಮತ್ತು ಮೃತರು ಹೊಂದಿದ್ದ ಅವಧಿಯೂ ಲೆಕ್ಕಕ್ಕೆ ಸೇರುತ್ತದೆ. 2001ರ ಏಪ್ರಿಲ್ 1ಕ್ಕಿಂತ ಮೊದಲು ಕೊಂಡ ಆಸ್ತಿಗೆ ಆ ದಿನದ ಮಾರುಕಟ್ಟೆ ಮೌಲ್ಯವನ್ನು ಆಧಾರವಾಗಿ ಪಡೆಯಬಹುದು. ನಿವೇಶನ, ಕಟ್ಟಡಗಳಿಗೆ ಇದು ಅಂದಿನ ಮುದ್ರಾಂಕ ಶುಲ್ಕದ ಮೌಲ್ಯವನ್ನು ಮೀರುವಂತಿಲ್ಲ. 2024ರ ಜುಲೈ 23ರಿಂದ ದೀರ್ಘಾವಧಿ ಬಂಡವಾಳ ಲಾಭದ ದರ ಶೇ. 12.5. ಇಲ್ಲಿ ಒಂದು ಎಚ್ಚರಿಕೆ ಅಗತ್ಯ: 12 ಲಕ್ಷದವರೆಗಿನ ರಿಯಾಯಿತಿಯು ಇಂತಹ ವಿಶೇಷ ದರದ ಲಾಭಕ್ಕೆ ಅನ್ವಯಿಸುವುದಿಲ್ಲ. ಪತಿಯ ನಿಧನದ ನಂತರ ಸಾಲ ತೀರಿಸಲು ನಿವೇಶನ ಮಾರಿದವರು, ಒಟ್ಟು ಆದಾಯ 12 ಲಕ್ಷದೊಳಗಿದೆಯೆಂದು ಸುಮ್ಮನಿದ್ದರೆ ಮುಂದೆ ಬಡ್ಡಿ ಸಹಿತ ಕಟ್ಟಬೇಕಾದೀತು. ಮಾರಾಟದಲ್ಲಿ ಮಕ್ಕಳಿಗೂ ಹಕ್ಕಿದ್ದರೆ ಲಾಭವನ್ನು ಪಾಲಿಗೆ ಅನುಗುಣವಾಗಿ ಪ್ರತಿಯೊಬ್ಬರೂ ತೋರಿಸಬೇಕು.

ಠೇವಣಿಗಳ ವಿಷಯದಲ್ಲಿ ಎರಡು ಸಂಗತಿಗಳು ಕಡಿಮೆ ಜನರಿಗೆ ತಿಳಿದಿವೆ. ಪತಿ ತಮ್ಮ ಹಣವನ್ನು ಪತ್ನಿಗೆ ದಾನವಾಗಿ ನೀಡಿ ಇರಿಸಿದ ಠೇವಣಿಯ ಬಡ್ಡಿ ಅವರು ಬದುಕಿರುವವರೆಗೆ ಅವರ ಆದಾಯಕ್ಕೆ ಸೇರುತ್ತದೆ. ನಿಧನಾನಂತರದ ಬಡ್ಡಿ ಪತ್ನಿಯದೇ. ಅಪ್ರಾಪ್ತ ಮಕ್ಕಳ ಹೆಸರಿಗೆ ಬಂದ ಹಣದ ಬಡ್ಡಿಯನ್ನು, ಮಗುವು ಕಾನೂನಿನಲ್ಲಿ ಹೇಳಿದ ಅಂಗವೈಕಲ್ಯವುಳ್ಳದ್ದಾಗಿದ್ದಲ್ಲಿ ಹೊರತು, ಬದುಕುಳಿದ ತಂದೆ ಅಥವಾ ತಾಯಿಯ ಆದಾಯಕ್ಕೆ ಸೇರಿಸಲಾಗುತ್ತದೆ. ಮಕ್ಕಳ ಹೆಸರಿನಲ್ಲಿಟ್ಟರೆ ತೆರಿಗೆ ಇಲ್ಲವೆಂಬ ಸಲಹೆಯನ್ನು ನಂಬಿ ಮುಂದುವರಿಯುವುದು ಸರಿಯಲ್ಲ.

ಪ್ರತಿನಿಧಿಯಾಗಿ ನೋಂದಣಿ

ಆದಾಯ ತೆರಿಗೆ ಕೇಂದ್ರ ಸರ್ಕಾರದ ವಿಷಯವಾಗಿದ್ದು, ರಾಜ್ಯದ ಕಚೇರಿಗಳಿಂದ ದೊರೆಯುವುದು ಪೂರಕ ದಾಖಲೆಗಳು ಮಾತ್ರ. ಮೃತರ ಪರವಾಗಿ ವಿವರಪಟ್ಟಿ ಸಲ್ಲಿಸಬೇಕಾದವರು ಮೊದಲು ತಮ್ಮದೇ ಪ್ಯಾನ್ ಸಂಖ್ಯೆಯಿಂದ ಇ-ಫೈಲಿಂಗ್ ಜಾಲತಾಣದಲ್ಲಿ ಖಾತೆ ತೆರೆದು, ಅನಂತರ ವಾರಸುದಾರರೆಂದು ನೋಂದಾಯಿಸಿಕೊಳ್ಳಬೇಕು. ಎಂದೂ ವಿವರಪಟ್ಟಿ ಸಲ್ಲಿಸದ, ಪ್ಯಾನ್ ಸಂಖ್ಯೆಯೇ ಇಲ್ಲದ ಗೃಹಿಣಿಯರಿಗೆ ಇದು ಮೊದಲ ಅಡಚಣೆ. ಮರಣ ಪ್ರಮಾಣಪತ್ರ, ಮೃತರ ಮತ್ತು ವಾರಸುದಾರರ ಪ್ಯಾನ್ ಪ್ರತಿ, ವಾರಸುದಾರಿಕೆಯ ಪುರಾವೆ ಇವು ಮುಖ್ಯ ದಾಖಲೆಗಳು.

ವಾರಸುದಾರಿಕೆಯ ಪುರಾವೆಗೆ ನ್ಯಾಯಾಲಯದ ಪ್ರಮಾಣಪತ್ರವೇ ಬೇಕೆಂದು ತಿಳಿದು ತಿಂಗಳುಗಟ್ಟಲೆ ಕಾಯುವವರಿದ್ದಾರೆ. ಅದರ ಅಗತ್ಯವಿಲ್ಲ. ಸ್ಥಳೀಯ ಕಂದಾಯ ಅಧಿಕಾರಿಗಳು ನೀಡುವ ಬದುಕಿರುವ ಕುಟುಂಬ ಸದಸ್ಯರ ದೃಢೀಕರಣ ಪತ್ರ, ನೋಂದಾಯಿತ ಉಯಿಲು, ಸರ್ಕಾರವು ನೀಡಿದ ಕುಟುಂಬ ಪಿಂಚಣಿ ಪ್ರಮಾಣಪತ್ರ, ಖಾತೆಯ ನಾಮನಿರ್ದೇಶಿತರ ಅಥವಾ ಜಂಟಿ ಖಾತೆದಾರರ ಹೆಸರನ್ನು ತಿಳಿಸುವ ಬ್ಯಾಂಕಿನ ಪತ್ರ, ಇವುಗಳಲ್ಲಿ ಯಾವುದಾದರೊಂದು ಸಾಕು. ಕರ್ನಾಟಕದಲ್ಲಿ ಬದುಕಿರುವ ಕುಟುಂಬ ಸದಸ್ಯರ ದೃಢೀಕರಣಕ್ಕೆ ನಾಡಕಚೇರಿಯಲ್ಲಿ ಅರ್ಜಿ ಸಲ್ಲಿಸಬಹುದು. ಕುಟುಂಬ ಪಿಂಚಣಿ ಮಂಜೂರಾಗಿದ್ದಲ್ಲಿ ಆ ದಾಖಲೆಯಿಂದಲೇ ಕೆಲಸವಾಗುತ್ತದೆ.

ಮೃತರ ನಿಶ್ಚಿತ ಠೇವಣಿಗಳಿರುವ ಪ್ರತಿಯೊಂದು ಬ್ಯಾಂಕಿಗೂ ಮರಣವನ್ನು ಲಿಖಿತವಾಗಿ ತಿಳಿಸುವುದು ಅಷ್ಟೇ ಮುಖ್ಯ. ಹಾಗೆ ಮಾಡದಿದ್ದಲ್ಲಿ ಮರಣಾನಂತರದ ಬಡ್ಡಿ ಮತ್ತು ತೆರಿಗೆ ಕಡಿತ ಎರಡೂ ಮೃತರ ಪ್ಯಾನ್ ಸಂಖ್ಯೆಯಲ್ಲಿಯೇ ದಾಖಲಾಗುತ್ತಾ ಹೋಗುತ್ತವೆ. ಆದಾಯ ಒಬ್ಬರದು, ಕಡಿತ ಇನ್ನೊಬ್ಬರ ಹೆಸರಿನಲ್ಲಿ ಎಂಬ ಸ್ಥಿತಿಯನ್ನು ನಂತರ ಸರಿಪಡಿಸುವುದು ಶ್ರಮದ ಕೆಲಸ. ಠೇವಣಿ ತಮ್ಮ ಹೆಸರಿಗೆ ಬಂದ ಮೇಲೆ, ಅರ್ಹರಿರುವವರು, ಈವರೆಗೆ 15ಜಿ ಮತ್ತು 15ಎಚ್ ಎಂದು ಪರಿಚಿತವಾದ ಘೋಷಣೆಯನ್ನು ತಮ್ಮ ಪ್ಯಾನ್ ಸಂಖ್ಯೆಯಲ್ಲಿ ಹೊಸದಾಗಿ ನೀಡಬೇಕು. ನಾಮನಿರ್ದೇಶಿತರು ಹಣ ಸ್ವೀಕರಿಸಲು ಅರ್ಹರೇ ಹೊರತು ಅದರಿಂದಲೇ ಒಡೆಯರಾಗುವುದಿಲ್ಲವೆಂಬುದನ್ನು ಷೇರುಗಳ ಸಂಬಂಧದಲ್ಲಿ ಸರ್ವೋಚ್ಚ ನ್ಯಾಯಾಲಯವು 2023ರ ಡಿಸೆಂಬರ್‌ನಲ್ಲಿಯೂ ಎತ್ತಿಹಿಡಿದಿದೆ.

ತಡವಾದಲ್ಲಿ

2025ರ ಫೆಬ್ರವರಿ 13ರಂದು ಲೋಕಸಭೆಯಲ್ಲಿ ಮಂಡಿಸಿದ ಹೊಸ ಆದಾಯ ತೆರಿಗೆ ಮಸೂದೆಯಲ್ಲಿ, ಮರುಪಾವತಿ ಬೇಕಾದವರು ನಿಗದಿತ ದಿನಾಂಕದೊಳಗೇ ವಿವರಪಟ್ಟಿ ಸಲ್ಲಿಸಬೇಕೆಂಬ ಅಂಶವಿತ್ತು. ಅದು ಹಾಗೆಯೇ ಉಳಿದಿದ್ದರೆ ಮೃತರ ಕುಟುಂಬಗಳಿಗೆ ದೊಡ್ಡ ಪೆಟ್ಟಾಗುತ್ತಿತ್ತು. ಮೇ ಅಥವಾ ಜೂನ್ ತಿಂಗಳಲ್ಲಿ ಸಾವು ಸಂಭವಿಸಿದ ಮನೆಯಲ್ಲಿ, ಹಿಂದಿನ ಇಡೀ ವರ್ಷದ ವಿವರಪಟ್ಟಿಯನ್ನು ಜುಲೈ ಅಂತ್ಯದೊಳಗೆ ದಾಖಲೆ ಹೊಂದಿಸಿ ಸಲ್ಲಿಸುವುದು ಎಷ್ಟು ಜನರಿಂದ ಸಾಧ್ಯ? ಲೋಕಸಭೆಯ ಆಯ್ಕೆ ಸಮಿತಿಯು 2025ರ ಜುಲೈ 21ರಂದು ಮಂಡಿಸಿದ ವರದಿಯಲ್ಲಿ ಈ ಅಂಶವನ್ನು ಕೈಬಿಡುವಂತೆ ಶಿಫಾರಸು ಮಾಡಿತು. ಆಗಸ್ಟ್ 11ರಂದು ಮಂಡಿಸಿದ ಪರಿಷ್ಕೃತ ಮಸೂದೆಯಲ್ಲಿ ಅದು ಇರಲಿಲ್ಲ. ಹೊಸ ಕಾನೂನಿನ ಚರ್ಚೆಯಲ್ಲಿ ಹೆಚ್ಚು ಪ್ರಚಾರ ಪಡೆಯದ, ಆದರೆ ಈ ವರ್ಗದವರಿಗೆ ಬಹಳ ಉಪಯುಕ್ತವಾದ ತಿದ್ದುಪಡಿ ಇದಾಗಿದೆ.

ನಿಗದಿತ ದಿನಾಂಕ ಮೀರಿದವರು ಡಿಸೆಂಬರ್ 31ರವರೆಗೆ ವಿಳಂಬ ವಿವರಪಟ್ಟಿ ಸಲ್ಲಿಸಬಹುದು. ಒಟ್ಟು ಆದಾಯ 5 ಲಕ್ಷ ರೂಪಾಯಿ ಮೀರದಿದ್ದರೆ ವಿಳಂಬ ಶುಲ್ಕ ಗರಿಷ್ಠ 1,000 ರೂಪಾಯಿ, ಮೀರಿದ್ದರೆ 5,000 ರೂಪಾಯಿ. ಅದೂ ಕಳೆದುಹೋದಲ್ಲಿ, ನಂತರದ ವರ್ಷಗಳಲ್ಲಿ ಸಲ್ಲಿಸಬಹುದಾದ ನವೀಕೃತ ವಿವರಪಟ್ಟಿಯಿಂದ ಪ್ರಯೋಜನವಿಲ್ಲ. ಅದು ಹೆಚ್ಚುವರಿ ತೆರಿಗೆ ಕಟ್ಟುವವರಿಗೆ, ಮರುಪಾವತಿ ಕೇಳುವವರಿಗಲ್ಲ. ಅಂತಹವರು ವಿಳಂಬ ಮನ್ನಿಸುವಂತೆ ಕಲಂ 119ರಡಿ ಮನವಿ ಸಲ್ಲಿಸಬಹುದು. 2024ರ ಅಕ್ಟೋಬರ್ 1ರ ಸುತ್ತೋಲೆಯಂತೆ, ಸಂಬಂಧಿಸಿದ ಕರ ನಿರ್ಧಾರಣಾ ವರ್ಷ ಮುಗಿದ ಐದು ವರ್ಷಗಳೊಳಗೆ ಈ ಮನವಿ ಬರಬೇಕು. ಸಂಗಾತಿಯ ಮರಣ ಮತ್ತು ದಾಖಲೆಗಳು ದೊರೆತ ದಿನಾಂಕಗಳನ್ನು ಮನವಿಯಲ್ಲಿ ಕ್ರಮವಾಗಿ ನಮೂದಿಸಿ, ಪ್ರತಿಗಳನ್ನು ಲಗತ್ತಿಸಬೇಕು.

ಮೃತರ ಹೆಸರಿಗೆ ಇಲಾಖೆಯಿಂದ ನೋಟಿಸ್ ಬಂದಲ್ಲಿ ಗಾಬರಿಯಾಗಬೇಕಾಗಿಲ್ಲ, ನಿರ್ಲಕ್ಷಿಸಲೂಬಾರದು. ಮೃತ ವ್ಯಕ್ತಿಯ ಹೆಸರಿಗೆ ಹೊರಡಿಸಿದ ಮರುನಿರ್ಧಾರಣಾ ನೋಟಿಸ್ ಶೂನ್ಯವೆಂದು ದೆಹಲಿ ಉಚ್ಚ ನ್ಯಾಯಾಲಯವು 2020ರಲ್ಲಿ ತೀರ್ಪು ನೀಡಿದೆ. ಆದರೂ ಮರಣ ಪ್ರಮಾಣಪತ್ರದೊಂದಿಗೆ ಲಿಖಿತ ಉತ್ತರ ನೀಡುವುದು ಕ್ಷೇಮಕರ. ಮೃತರ ತೆರಿಗೆ ಬಾಕಿಗೆ ವಾರಸುದಾರರ ಹೊಣೆಯು ಮೃತರಿಂದ ಬಂದ ಆಸ್ತಿಯ ಮೌಲ್ಯಕ್ಕೆ ಸೀಮಿತ. ಪತ್ನಿಯ ಸ್ವಂತ ಗಳಿಕೆಯನ್ನೋ ಒಡವೆಯನ್ನೋ ಅದಕ್ಕಾಗಿ ಮುಟ್ಟುವಂತಿಲ್ಲ. ಬಾಕಿ ಇರುವಾಗಲೇ ಆ ಆಸ್ತಿಯನ್ನು ಪರಭಾರೆ ಮಾಡಿದಲ್ಲಿ ಮಾತ್ರ, ಪರಭಾರೆಯಾದ ಆಸ್ತಿಯ ಮೌಲ್ಯದ ಮಟ್ಟಿಗೆ ವೈಯಕ್ತಿಕ ಹೊಣೆ ಬರುತ್ತದೆ.

ಮೃತರ ಪ್ಯಾನ್ ಕಾರ್ಡನ್ನು ಮರಣದ ಬೆನ್ನಲ್ಲೇ ಹಿಂದಿರುಗಿಸುವ ಅವಸರ ಬೇಡ. ಕೊನೆಯ ವಿವರಪಟ್ಟಿ ಬೆಂಗಳೂರಿನ ಕೇಂದ್ರೀಕೃತ ಸಂಸ್ಕರಣಾ ಕೇಂದ್ರದಲ್ಲಿ ಪರಿಶೀಲನೆಯಾಗಿ, ವಾರಸುದಾರರ ದೃಢೀಕೃತ ಬ್ಯಾಂಕ್ ಖಾತೆಗೆ ಮರುಪಾವತಿ ಜಮೆಯಾದ ನಂತರ ಅದನ್ನು ರದ್ದುಪಡಿಸುವಂತೆ ಕೋರಬಹುದು.